ತಾಮ್ರದ ಮೇಲಿನ ಹಾಳೆ

ಪೇಸ್ಟ್ ಹಚ್ಚುವುದು ದೊಡ್ಡ ವಿದ್ಯೆಯೇನಲ್ಲ. ಕಂಪ್ಯೂಟರಿನ ಪ್ರೊಸೆಸರ್ ಅಂದರೆ ಬೆಂಕಿಪೊಟ್ಟಣದ ಅಗಲದ ಒಂದು ಚೌಕ. ಕೆಲಸ ಜೋರಾದಾಗ ಅದು ಕಾಯುತ್ತದೆ. ಅದರ ಮೇಲೆ ತಾಮ್ರದ ತಟ್ಟೆಯೊಂದು ಕೂರುತ್ತದೆ. ತಟ್ಟೆಯ ಬೆನ್ನಿಗೆ ನೀರು ಹರಿಯುತ್ತಿರುತ್ತದೆ. ಆ ನೀರು ಬಿಸಿಯನ್ನು ಹೊತ್ತುಕೊಂಡು ಕೊಳವೆಯಲ್ಲಿ ಫ್ಯಾನುಗಳ ಹತ್ತಿರ ಹೋಗಿ, ತಣ್ಣಗಾಗಿ ವಾಪಸ್ ಬರುತ್ತದೆ. ಚೌಕಕ್ಕೂ ತಾಮ್ರಕ್ಕೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅಲ್ಲಿ ಗಾಳಿ ಕೂತರೆ ಬಿಸಿ ದಾಟುವುದಿಲ್ಲ. ಅದಕ್ಕೇ ಬೂದು ಬಣ್ಣದ ಪೇಸ್ಟನ್ನು ಕಡಲೆಕಾಳಿನಷ್ಟು ನಡುಮಧ್ಯೆ ಇಟ್ಟು, ತಾಮ್ರವನ್ನು ನೇರವಾಗಿ ಕೂರಿಸಿ, ನಾಲ್ಕು ಮೂಲೆಯ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅಷ್ಟೇ. ಹೋಳಿಗೆ ತಟ್ಟಲು ಬರುವವರಿಗೆ ಇದೂ ಬರುತ್ತದೆ. ಇದಕ್ಕೆ ಗಂಡಸಾಗಿರಬೇಕಿಲ್ಲ, ಮಡಿಯಲ್ಲಿರಬೇಕಿಲ್ಲ. ಇಷ್ಟನ್ನು ನಾನು ಈಗಲೂ ಹಲ್ಲು ಕಚ್ಚಿಕೊಂಡೇ ಹೇಳುತ್ತೇನೆ.

ನಾನು ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವವಳು. ನಮ್ಮ ಮನೆ ಬಸ್ತಿಹಳ್ಳಿಯಲ್ಲಿ. ಹಿತ್ತಲಿನಲ್ಲಿ, ಹಿಂದೆ ತೆಂಗಿನಕಾಯಿ ಗುಡ್ಡೆ ಹಾಕುತ್ತಿದ್ದ ಶೀಟಿನ ಕೋಣೆಯೇ ನನ್ನ ಆಫೀಸು. ಅರಸೀಕೆರೆ, ಬೇಲೂರಿನ ಸ್ಟುಡಿಯೊದವರು ಚಿತ್ರೀಕರಿಸಿದ್ದನ್ನು ಹಾರ್ಡ್‌ಡಿಸ್ಕಿನಲ್ಲಿ ತುಂಬಿ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುತ್ತಾರೆ. ನಾನು ಹಳೇಬೀಡಿನ ಸ್ಟ್ಯಾಂಡಿನಲ್ಲಿ ಹೋಗಿ ಇಸಿದುಕೊಂಡು ಬರುತ್ತೇನೆ. ಶಾಸ್ತ್ರ, ಧಾರೆ, ಊಟದ ಪಂಕ್ತಿ, ಹುಡುಗಿಯ ಸೋದರಮಾವಂದಿರು ಕ್ಯಾಮೆರಾ ನೋಡಿ ಬೆಪ್ಪಾಗಿ ನಿಲ್ಲುವುದು, ಎಲ್ಲವನ್ನೂ ಕತ್ತರಿಸಿ, ಜೋಡಿಸಿ, ಹಾಡು ಹಾಕುವುದು ನನ್ನ ಕೆಲಸ. ಈಗಂತೂ ಮದುವೆಗೆ ಮುಂಚೆಯೇ ಹುಡುಗ ಹುಡುಗಿ ಹುಲಿಕೆರೆಯ ಕೊಳಕ್ಕೆ ಬಂದು ಮೆಟ್ಟಿಲ ಮೇಲೆ ಕೈ ಕೈ ಹಿಡಿದು ನಡೆಯುತ್ತಾರೆ. ಆ ಮೆಟ್ಟಿಲುಗಳನ್ನು ನಾನು ಎಷ್ಟು ಜೋಡಿಗಳ ಕಾಲ ಕೆಳಗೆ ನೋಡಿದ್ದೇನೆಂದರೆ, ಯಾವ ಕಲ್ಲಿನ ಮೂಲೆ ಒಡೆದಿದೆ ಎಂದು ಕೂತಲ್ಲೇ ಹೇಳಬಲ್ಲೆ.

ಹಳೆಯ ಕಂಪ್ಯೂಟರು ಆ ಶೀಟಿನ ಕೆಳಗಿನ ಬಿಸಿಲನ್ನು ತಡೆಯದೆ ಪದೇ ಪದೇ ನಿಂತುಹೋಗುತ್ತಿದ್ದಾಗ, ನೀರು ಓಡುವ ಮಷೀನೇ ಬೇಕೆಂದು ಹಟ ಹಿಡಿದವಳು ನಾನು. ಭಾಗ ಭಾಗವಾಗಿ ತರಿಸಿ, ಚಾಪೆಯ ಮೇಲೆ ಹರಡಿಕೊಂಡು ಜೋಡಿಸಿದವಳೂ ನಾನೇ. ನನ್ನ ಗಂಡ ಬಾಗಿಲಲ್ಲಿ ನಿಂತು, ‘ನೀರು, ಕರೆಂಟು ಎರಡೂ ಒಂದೇ ಡಬ್ಬದಲ್ಲಿ! ನೋಡ್ಕೊಂಡ್ ಮಾಡೆ’ ಎಂದು ಉಪದೇಶ ಕೊಟ್ಟು ಬೇಲೂರಿನ ಆಫೀಸಿಗೆ ಹೋದರು. ಸಂಜೆ ಬರುವಷ್ಟರಲ್ಲಿ ಮಷೀನು ಓಡುತ್ತಿತ್ತು. ಆಗ ಪೇಸ್ಟ್ ಹಚ್ಚಿದ್ದು ಯಾರು ಎಂದು ಯಾರೂ ಕೇಳಲಿಲ್ಲ, ಆವತ್ತು ಯಾವ ದಿನ ಎಂದೂ ಕೇಳಲಿಲ್ಲ.

ಯಾವ ದಿನ ಎಂದರೆ ತಿಂಗಳ ಆ ದಿನಗಳು. ನಮ್ಮ ಅತ್ತೆ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮೂರು ದಿನ ಅಡುಗೆಮನೆಗೆ, ದೇವರ ಕೋಣೆಗೆ ಕಾಲಿಡುವಂತಿಲ್ಲ. ತಟ್ಟೆ, ಲೋಟ, ಚಾಪೆ ಬೇರೆ. ತಮಾಷೆಯೆಂದರೆ, ಆ ದಿನಗಳಲ್ಲಿ ನಾನಿರಬೇಕಾದ ಜಾಗವೇ ಹಿತ್ತಲಿನ ಶೀಟಿನ ಕೋಣೆ. ಹಾಗಾಗಿ ನಾನು ಹೊರಗಾದಾಗಲೇ ನನ್ನ ಎಡಿಟಿಂಗ್ ಹೆಚ್ಚು ಆಗುತ್ತಿತ್ತು. ಅಡುಗೆ ಇಲ್ಲ, ಕಸ ಇಲ್ಲ, ಬೆಳಗಿನಿಂದ ಸಂಜೆಯವರೆಗೆ ಮಷೀನಿನ ಮುಂದೆ. ವರ್ಷಗಟ್ಟಲೆ ಅದೇ ಕೈಯಿಂದ ಅದನ್ನು ಮುಟ್ಟಿದ್ದೆ. ಮಷೀನು ಒಂದು ದಿನವೂ ಬೇಸರ ಮಾಡಿಕೊಂಡಿರಲಿಲ್ಲ.

ಆ ವರ್ಷ ದಸರಾ ಹೊತ್ತಿಗೆ ನೀರು ತಳ್ಳುವ ಪಂಪು ಗೊರಗೊರ ಅನ್ನಲು ಶುರುಮಾಡಿತು. ತಾಮ್ರದ ತಟ್ಟೆ, ಪಂಪು, ಕೊಳವೆ ಎಲ್ಲ ಸೇರಿದ ಒಂದೇ ಜೋಡಣೆ ಅದು. ಪೂರ್ತಿ ಹೊಸದನ್ನೇ ತರಿಸಿದೆ. ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಪೂಜೆಯ ದಿನ ಬೆಳಗ್ಗೆ ಬೇಗ ಎದ್ದು ಹಳೆಯದನ್ನು ಬಿಚ್ಚಿದೆ. ಪ್ರೊಸೆಸರಿನ ಮೇಲೆ ಒಣಗಿದ್ದ ಹಳೇ ಪೇಸ್ಟನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ ಮುಖ ಕಾಣುವ ಹಾಗೆ ಮಾಡಿದೆ. ಹೊಸದರ ಪೆಟ್ಟಿಗೆ ಇನ್ನೂ ಒಡೆದಿರಲಿಲ್ಲ. ಅಷ್ಟರಲ್ಲಿ ಕಿಬ್ಬೊಟ್ಟೆ ಹಿಂಡಿತು. ಬಚ್ಚಲಿಗೆ ಹೋಗಿ ಬಂದೆ. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ಕುಡುಗೋಲು, ಮಚ್ಚು ತೊಳೆಯುತ್ತಿದ್ದರು.

‘ಯಾಕವ್ವಾ, ಮುಖ ಇಂಗಾಯ್ತು? ಆಚೆ ಆದೇನೇ?’

ಹೂಂ ಅಂದೆ. ಮದುವೆಯಾದಾಗಿನಿಂದ ಪ್ರತಿ ತಿಂಗಳೂ ಹಾಗೇ ಹೇಳಿಕೊಂಡು ಬಂದಿದ್ದೆ.

‘ಅಯ್ಯೋ, ಈವತ್ತೇನಾ! ಹಂಗಾರೆ ಆ ಮಿಸಿನ್ನು ಮುಟ್ಬೇಡ ಕಣೇ.’

‘ಅತ್ತೆ, ಅದನ್ನ ಬಿಚ್ಚಿ ಹಾಕಿದ್ದೀನಿ. ಸ್ವಲ್ಪ ಹೊತ್ತಿನ ಕೆಲಸ, ಮುಗಿಸಿಬಿಡ್ತೀನಿ.’

‘ಬೇಡ ಅಂದ್ರೆ ಬೇಡ. ತಿಂಗ್ಳು ತಿಂಗ್ಳೂ ಮುಟ್ಟಿರ್ತೀಯ, ನಾನೇನಾರ ಅಂದಿದ್ದೀನಾ? ಈವತ್ತು ದೇವ್ರ ಮುಂದೆ ಕೂರೋ ವಸ್ತು ಅದು.’

‘ಹಂಗಾದ್ರೆ ಬಿಚ್ಚಿದ ಹಂಗೇ ಇಟ್ಟು ಪೂಜೆ ಮಾಡಿ. ಮೂರು ದಿನ ಆದ್ಮೇಲೆ ನಾನೇ ಜೋಡಿಸ್ಕೊತೀನಿ.’

‘ಅರೆಬರೆ ವಸ್ತೀಗೆ ಯಾರಾನ ಪೂಜೆ ಮಾಡ್ತಾರೇನೇ?’

ನಮ್ಮಲ್ಲಿ ಪೂಜೆಗೆ ಇಡುವ ವಸ್ತು ಪೂರ್ತಿಯಾಗಿರಬೇಕು, ತೊಳೆದಿರಬೇಕು, ಓಡುವುದಾದರೆ ಓಡಿಸಿ ತೋರಿಸಬೇಕು. ಬೈಕಿನ ಹಾರ್ನ್ ಹೊಡೆಯುತ್ತಾರೆ, ಮಿಕ್ಸಿಯನ್ನು ಒಂದು ಸುತ್ತು ತಿರುಗಿಸುತ್ತಾರೆ. ಹಾಗಾಗಿ ಹೊಸ ತಾಮ್ರವನ್ನು ಆವತ್ತೇ ಕೂರಿಸಬೇಕಿತ್ತು. ನಾನು ಕೂರಿಸುವಂತಿರಲಿಲ್ಲ. ಹಬ್ಬಕ್ಕೆಂದು ಬಂದಿದ್ದ ನನ್ನ ಮೈದುನನ ಹೆಗಲಿಗೆ ಕೆಲಸ ಬಿತ್ತು. ಅವನಿಗೆ ಬೇಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ. ಮನೆಯಲ್ಲಿ ಟಿವಿ ರಿಮೋಟ್ ಕೆಟ್ಟರೂ ಅವನನ್ನೇ ಕಾಯುತ್ತಾರೆ. ನಾನು ಅಷ್ಟು ಹೊತ್ತಿಗೆ ಸೆಲ್ ಬದಲಾಯಿಸಿರುತ್ತೇನೆ, ಆದರೂ ಅವನು ಬಂದು ಒಮ್ಮೆ ಒತ್ತಿ ನೋಡಿದ ಮೇಲೇ ರಿಪೇರಿ ಆಯಿತು ಎಂದು ಲೆಕ್ಕ.

ಅಣ್ಣ ತಮ್ಮ ಸೇರಿ ಮಷೀನನ್ನು ಪಡಸಾಲೆಗೆ ಎತ್ತಿಕೊಂಡು ಹೋದರು. ನಾನು ಹಿತ್ತಲ ಬಾಗಿಲ ಹೊಸಿಲಿನಿಂದಾಚೆ ನಿಂತೆ. ಅವನು ಪೆಟ್ಟಿಗೆ ಒಡೆದು ಹೊಸದನ್ನು ತೆಗೆದ. ನನಗೆ ಕಾಣುತ್ತಿದ್ದುದು ಅವನ ಬೆನ್ನು ಮಾತ್ರ.

‘ಪೇಸ್ಟು ಕಡಲೆಕಾಳಷ್ಟು ಸಾಕಪ್ಪ’ ಅಂದೆ. ‘ಕೂರಿಸೋಕೆ ಮುಂಚೆ ಆ ತಾಮ್ರದ ತಳಾನ ಒಂದ್ಸಲ ನನ್ನ ಕಡೆ ತಿರುಗಿಸು, ನೋಡ್ತೀನಿ.’

‘ಅದ್ರಲ್ಲೇನ್ ನೋಡೋದು ಅತ್ತಿಗೆ? ನಾನ್ ದಿನಾ ಮಾಡೋದು ಇದೇ ಕೆಲ್ಸ ಅಲ್ವಾ?’

ಅವನು ದಿನಾ ಮಾಡುವ ಕೆಲಸ ಮೊಬೈಲಿಗೆ ಕವರ್ ಹಾಕುವುದು, ಗಾಜಿನ ಮೇಲೆ ಗಾರ್ಡ್ ಅಂಟಿಸುವುದು. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಗಂಡ, ‘ಅವ್ನಿಗೆ ಗೊತ್ತಿರುತ್ತೆ ಬಿಡೆ. ನೀನ್ಯಾಕೆ ನಿಂತಿದ್ದೀಯ, ಹೋಗಿ ಮಲಗು’ ಅಂದರು. ಅತ್ತೆ ಬಂದು ಹಿತ್ತಲ ಬಾಗಿಲು ಹಾಕಿಕೊಂಡರು.

ಮುಚ್ಚಿದ ಬಾಗಿಲಿನ ಆಚೆ ನನ್ನ ಮಷೀನಿಗೆ ಪೂಜೆ ನಡೆಯಿತು. ಗಂಟೆ ಕೇಳಿಸಿತು, ಕರ್ಪೂರದ ವಾಸನೆ ಬಂತು, ಬೀದಿಯಲ್ಲಿ ಕುಂಬಳಕಾಯಿ ಒಡೆದ ಸದ್ದಾಯಿತು. ಮಷೀನು ಹಾಕಿದಾಗ ಅದರೊಳಗಿನ ಕೆಂಪು, ನೀಲಿ ದೀಪ ನೋಡಿ ಎಲ್ಲರೂ ಓ ಅಂದರು. ಆ ದೀಪಗಳನ್ನು ಜೋಡಿಸಿದವಳು ಶೀಟಿನ ಕೆಳಗೆ ಚಾಪೆಯ ಮೇಲೆ ಕೂತಿದ್ದಳು. ಆಮೇಲೆ ಮೈದುನ ನನ್ನ ಎಲೆಯ ಊಟ ತಂದು ದೂರದಲ್ಲಿಟ್ಟು, ‘ಫಸ್ಟ್ ಕ್ಲಾಸಾಗಿ ಓಡ್ತಾ ಐತೆ ಅತ್ತಿಗೆ’ ಎಂದು ವರದಿ ಒಪ್ಪಿಸಿದ. ಓಡದೆ ಏನು? ಯಾವ ಕೆಲಸವನ್ನೂ ಕೊಡದೆ ಸುಮ್ಮನೆ ದೀಪ ಹೊತ್ತಿಸಿದರೆ ಯಾವ ಮಷೀನಾದರೂ ಓಡುತ್ತದೆ.

ಮಾರನೆಯ ದಿನ ವಿಜಯದಶಮಿ. ಮರುಪೂಜೆ ಮುಗಿಸಿ ನನ್ನ ಗಂಡ ಮಷೀನನ್ನು ತಂದು ನನ್ನ ಕೋಣೆಯಲ್ಲಿಟ್ಟರು. ಹಗರೆ ಊರಿನ ಮದುವೆಯೊಂದನ್ನು ಆ ವಾರ ಮುಗಿಸಿ ಕೊಡುತ್ತೇನೆಂದು ಅರಸೀಕೆರೆಯ ಸ್ಟುಡಿಯೊದವರಿಗೆ ಮಾತು ಕೊಟ್ಟಿದ್ದೆ. ಮಷೀನಿನ ನೆತ್ತಿಯ ಮೇಲೆ, ಸರಿಯಾಗಿ ಫ್ಯಾನುಗಳ ಬಾಯಿಗೆ ಅಡ್ಡಲಾಗಿ, ಸೇವಂತಿಗೆ ಹಾರ ಹಾಗೇ ಇತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟೆ. ಬಟ್ಟೆ ಒಣಗಹಾಕುತ್ತಿದ್ದ ಅತ್ತೆ ನೋಡಿದರು.

ಕೆಲಸ ಶುರುಮಾಡಿದೆ. ಜೋಡಿಸಿದ ಚಿತ್ರವನ್ನೆಲ್ಲ ಒಂದೇ ವಿಡಿಯೊ ಮಾಡಿ ಹೊರತೆಗೆಯುವಾಗ ಪ್ರೊಸೆಸರಿಗೆ ಬೆವರು ಇಳಿಯುತ್ತದೆ. ಪರದೆಯ ಮೂಲೆಯಲ್ಲಿ ಉಷ್ಣತೆ ಏರತೊಡಗಿತು. ಎಂಬತ್ತು, ತೊಂಬತ್ತು, ನೂರು. ಫ್ಯಾನುಗಳು ಕಿರುಚಿಕೊಂಡವು. ಮಷೀನು ಟಪ್ಪೆಂದು ಆರಿಹೋಯಿತು. ಮತ್ತೆ ಹಾಕಿದೆ, ಮತ್ತೆ ಆರಿತು.

ಕೊಳವೆಗಳ ಮೇಲೆ ಕೈಯಿಟ್ಟು ನೋಡಿದೆ. ತಣ್ಣಗಿದ್ದವು. ಪ್ರೊಸೆಸರ್ ಕುದಿಯುತ್ತಿದೆ, ನೀರು ಮಾತ್ರ ಬಾವಿಯಿಂದ ಸೇದಿದ ಹಾಗಿದೆ. ಪಂಪಿನ ಮೇಲೆ ಬೆರಳಿಟ್ಟರೆ ಅದು ಓಡುತ್ತಿರುವುದು ಗೊತ್ತಾಗುತ್ತಿತ್ತು. ಅಂದರೆ ಬಿಸಿ ತಾಮ್ರಕ್ಕೆ ದಾಟುತ್ತಲೇ ಇಲ್ಲ. ತೊಂದರೆ ಇರುವುದು ತಾಮ್ರಕ್ಕೂ ಚೌಕಕ್ಕೂ ನಡುವೆ, ಪೇಸ್ಟ್ ಹಚ್ಚುವ ಜಾಗದಲ್ಲಿ. ಬೇರೆಲ್ಲೂ ಅಲ್ಲ.

‘ರೀ, ಪೇಸ್ಟು ಸರಿಯಾಗಿ ಕೂತಿಲ್ಲ. ಬಿಚ್ಚಿ ನೋಡ್ಬೇಕು’ ಎಂದು ಗಂಡನಿಗೆ ಹೇಳಿದೆ.

ಅವರು ಉತ್ತರ ಕೊಡುವ ಮೊದಲೇ ತಂತಿಯ ಹತ್ತಿರದಿಂದ ಅತ್ತೆಯ ದನಿ ಬಂತು. ‘ಪೂಜೆ ಹೂವ ಕಿತ್ತಾಕುದ್ಲಲ್ಲ, ಇನ್ನೇನಾಯ್ತದೆ? ನೆನ್ನೆ ನಮ್ಮುಂದೆ ಎಂಗೆ ಓಡ್ತಿತ್ತು! ಪೂಜೆ ಆದ ವಸ್ತು ಮೈಲಿಗೆ ತಡೀತದಾ?’

ನಾನು ಗಂಡನ ಮುಖ ನೋಡಿದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ಮನುಷ್ಯ. ಬಿಸಿ ಹೇಗೆ ಹರಿಯುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವರು. ಅವರು ತಲೆ ಕೆರೆದುಕೊಂಡು, ‘ಅಮ್ಮ ಹೇಳೋದನ್ನ ಪೂರ್ತಿ ಸುಳ್ಳು ಅನ್ನೋಕೂ ಆಗಲ್ಲ ಕಣೆ. ನೆನ್ನೆ ಓಡಿದ್ದಂತೂ ನಿಜ’ ಅಂದರು.

ಅತ್ತೆಯ ಮಾತಿಗೆ ನನಗೆ ಬಂದದ್ದು ಸಿಟ್ಟು. ಗಂಡನ ಮಾತಿಗೆ ಬಂದದ್ದಕ್ಕೆ ಸಿಟ್ಟು ಅಂದರೆ ಸಾಲದು. ಅತ್ತೆ ನಂಬಿ ಆಡಿದ್ದರು. ಇವರು ನಂಬದೆಯೇ ಆಡಿದರು, ಮನೆಯಲ್ಲಿ ಗಲಾಟೆ ಬೇಡ ಎಂದು. ನಂಬಿಕೆಯಿಲ್ಲದೆ ಇನ್ನೊಬ್ಬರ ಮೇಲೆ ಮೈಲಿಗೆ ಹೊರಿಸುವವರನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಬೇಲೂರಿಗೆ ಹಿಂತಿರುಗಿದ್ದ ತಮ್ಮನಿಗೆ ಫೋನ್ ಹಚ್ಚಿದರು. ಅವನು ಸ್ಪೀಕರಿನಲ್ಲೇ ಅಂದ: ‘ಅತ್ತಿಗೆ ಕೈಲಿ ಬಿಚ್ಚಿಸ್ಬೇಡ ಕಣಣ್ಣಾ. ನಾಳೆ ಬತ್ತೀನಿ, ಗಾಡಿ ತತ್ತೀನಿ. ಅಂಗಡೀಗೇ ಹಾಕ್ಕೊಂಡ್ ಹೋಗಾನ. ಅಲ್ಲೇ ಇದ್ರೆ ನಾನ್ ನೋಡ್ಕೊತೀನಿ, ಎಡಿಟಿಂಗೂ ಅಲ್ಲೇ ಆಗ್ಲಿ. ಅತ್ತಿಗೇಗೂ ರೆಸ್ಟು.’

ನನ್ನ ಗಂಡ ‘ಅದೂ ಒಳ್ಳೇದೇ’ ಅಂದರು. ಮಷೀನಿನ ದೀಪಗಳನ್ನು ನೋಡಿದಾಗಿನಿಂದ ಅದನ್ನು ಅಂಗಡಿಯ ಗಾಜಿನ ಹಿಂದೆ ಇಡಬೇಕೆಂಬ ಆಸೆ ಮೈದುನನಿಗಿದ್ದುದು ನನಗೆ ಗೊತ್ತಿತ್ತು. ಈಗ ನೆಪ ಸಿಕ್ಕಿತ್ತು.

ಆ ರಾತ್ರಿಯೆಲ್ಲ ನನಗೆ ಕಣ್ಮುಂದೆ ಬರುತ್ತಿದ್ದುದು ಖಾಲಿ ಕೋಣೆ. ಮಷೀನು ಬೇಲೂರಿಗೆ ಹೋದರೆ ನನ್ನ ಕೆಲಸವೂ ಹೋಯಿತು. ದಿನಾ ಬಸ್ಸು ಹತ್ತಿ ಮೊಬೈಲ್ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಕೂತು ಎಡಿಟ್ ಮಾಡಲು ಈ ಮನೆಯವರು ಕಳಿಸುತ್ತಾರೆಯೇ? ಸ್ಟುಡಿಯೊದವರು ನನ್ನನ್ನು ಕೇಳಿಕೊಂಡು ಫೋನ್ ಮಾಡುತ್ತಿದ್ದರು. ಊರಿನಲ್ಲಿ ಇಂಥವರ ಸೊಸೆ, ಇಂಥವರ ಹೆಂಡತಿ ಎನ್ನುವುದನ್ನು ಬಿಟ್ಟು ನನಗೆ ಇದ್ದದ್ದು ಅದೊಂದೇ. ಅದನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುವುದಕ್ಕೆ ರೆಸ್ಟು ಎಂದು ಹೆಸರಿಟ್ಟಿದ್ದರು.

ಬೆಳಗ್ಗೆ ಗಾಡಿಯ ಸದ್ದು ಕೇಳುತ್ತಲೇ ಮಷೀನನ್ನು ಹಿತ್ತಲ ಜಗಲಿಗೆ ತಂದಿಟ್ಟು ಪಕ್ಕದ ಗಾಜು ಕಳಚಿದೆ. ಯಾರಿಗೂ ಗೊತ್ತಾಗದ ಹಾಗೆ ಕೋಣೆಯೊಳಗೇ ಮಾಡಬಹುದಿತ್ತು. ಬೇಕೆಂದೇ ಬೆಳಕಿಗೆ ತಂದೆ. ಮೈದುನ ಒಳಗಿನಿಂದ ಬಂದವನು ನೋಡಿ, ‘ಅಯ್ಯೋ ಅತ್ತಿಗೆ, ಮುಟ್ಬೇಡಿ ಅಂದಿದ್ನಲ್ಲ!’ ಅಂದ.

‘ಯಾಕಪ್ಪಾ, ಕಚ್ಚುತ್ತಾ?’ ಎಂದು ಸ್ಕ್ರೂ ತಿರುಗಿಸಿದೆ.

ಗಂಡ ಬಂದು ನಿಂತರು. ಅತ್ತೆ ಅಡುಗೆಮನೆ ಬಾಗಿಲಿಗೆ ಬಂದರು. ನಾಲ್ಕು ಸ್ಕ್ರೂ ಸಡಿಲಿಸಿ ತಟ್ಟೆಯನ್ನು ಮೆಲ್ಲಗೆ ಒಮ್ಮೆ ತಿರುಚಿ ಎತ್ತಿದೆ. ಪೇಸ್ಟ್ ಹೋಳಿಗೆಗೆ ತುಪ್ಪ ಬಡಿಸಿದ ಹಾಗೆ ಸುರಿದಿತ್ತು, ಅಂಚಿನಿಂದ ಹೊರಗೆಲ್ಲ ಒಸರಿತ್ತು. ಹಬ್ಬದ ದಿನ, ಕೈ ಬಿಗಿ ಹಿಡಿಯಲು ಮನಸ್ಸಾಗಿರಲಿಕ್ಕಿಲ್ಲ. ತಾಮ್ರದ ಮೇಲಿನದನ್ನು ಬಟ್ಟೆಯಿಂದ ಒರೆಸಿದೆ. ಒರೆಸಿದಾಗ ಬಟ್ಟೆ ಜಾರಿತು. ತಾಮ್ರದ ಮೇಲೆ ಹಾಗೆ ಜಾರಬಾರದು. ಉಗುರು ಕೊಟ್ಟು ಮೂಲೆಯಲ್ಲಿ ಕೆರೆದೆ. ತೆಳ್ಳನೆಯ ಪಾರದರ್ಶಕ ಹಾಳೆಯೊಂದು ಎದ್ದಿತು. ಅದನ್ನು ಎಳೆದು ತೆಗೆಯಲೆಂದು ತಯಾರಕರೇ ಬಿಟ್ಟಿದ್ದ ಪುಟ್ಟ ಕಿವಿಯನ್ನು ಅಚ್ಚುಕಟ್ಟಾಗಿ ಮಡಿಚಿ ಪಕ್ಕಕ್ಕೆ ಅಂಟಿಸಲಾಗಿತ್ತು. ಕೂರಿಸುವ ಮುನ್ನ ತೆಗೆಯಿರಿ ಎಂದು ಕೆಂಪಕ್ಷರದ ಇಂಗ್ಲಿಷಿನಲ್ಲಿ ಅದರ ಮೇಲೇ ಬರೆದಿತ್ತು.

ಸರಕ್ಕನೆ ಕಿತ್ತು ಮೈದುನನ ಮುಂದೆ ಹಿಡಿದೆ. ‘ಏನಪ್ಪಾ ಇದು?’

ಅವನು ಕಣ್ಣು ಕಿರಿದು ಮಾಡಿ ನೋಡಿದ. ‘ಅದು... ಗಾರ್ಡ್ ಅಲ್ವಾ ಅತ್ತಿಗೆ? ಹೊಸಾ ತಾಮ್ರ, ಗೀರು ಬೀಳ್ತದೆ ಅಂತ ಬುಟ್ಟೆ.’

ನನಗೆ ಆಶ್ಚರ್ಯವಾಗಲಿಲ್ಲ. ಈ ಮನೆಯ ಕಾಯಿಲೆ ಅದು. ಫ್ರಿಜ್ಜಿನ ಬಾಗಿಲಿಗೆ ಬಂದಾಗಿನ ಹಾಳೆ ಇನ್ನೂ ಅಂಟಿಕೊಂಡಿದೆ, ಒಳಗೆಲ್ಲ ಗಾಳಿಗುಳ್ಳೆ ತುಂಬಿಕೊಂಡು. ಸೋಫಾದ ಮೇಲೆ ಕೂತರೆ ಪ್ಲಾಸ್ಟಿಕ್ಕು ತೊಡೆಗೆ ಮೆತ್ತಿಕೊಳ್ಳುತ್ತದೆ. ರಿಮೋಟಿನ ಕವರಿನೊಳಗೆ ಅಕ್ಷರವೇ ಕಾಣುವುದಿಲ್ಲ. ಗಂಡನ ಬೈಕಿನ ಮೀಟರಿನ ಮೇಲಿನ ಹಾಳೆ ಹಳದಿಯಾಗಿ, ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆಂದು ಊಹಿಸಿಕೊಳ್ಳಬೇಕು. ವಸ್ತು ಉಪಯೋಗಕ್ಕೆ ಬಾರದಿದ್ದರೂ ಪರವಾಗಿಲ್ಲ, ಹೊಸದಾಗಿರಬೇಕು. ಅದರ ಮೇಲೆ ಇವನ ಹೊಟ್ಟೆಪಾಡೇ ಹಾಳೆ ಅಂಟಿಸುವುದು. ಇವನ ಕೈಗೆ ಹಾಳೆ ಕೀಳುವುದು ಹೇಗೆ ತಿಳಿಯಬೇಕು?

ಹಾಳೆಯನ್ನು ನೋಡಿ ಮೊದಲು ನಕ್ಕದ್ದು ನನ್ನ ಗಂಡ. ‘ಲೋ, ಏನ್ಲಾ ನೀನು! ಕಂಪ್ಯೂಟರ್‌ಗೂ ಗಾರ್ಡ್ ಹಾಕ್ಬುಟ್ಯಲ್ಲೋ!’ ಅಂದರು. ಮೈದುನನೂ ನಕ್ಕ. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು, ‘ಮೊದ್ಲಿಂದ್ಲೂ ಹಂಗೇ ಇವ್ನು, ಹೊಸಾ ಚಪ್ಲೀನೂ ಕವರ್ ಸಮೇತ ಇಕ್ಕೊಳೋನು’ ಅಂದರು. ಮೂವರೂ ನಗುತ್ತಿದ್ದರು. ತಾಯಿ ಮಕ್ಕಳು ಬಿಸಿಲಲ್ಲಿ ನಿಂತು ಅಷ್ಟು ಹಾಯಾಗಿ ನಕ್ಕದ್ದನ್ನು ನಾನು ಹಬ್ಬದ ದಿನವೂ ನೋಡಿರಲಿಲ್ಲ. ನಿನ್ನೆಯ ಮಾತನ್ನು ಎತ್ತಿದವರಿಲ್ಲ. ನನ್ನ ಕಡೆ ತಿರುಗಿ ತಪ್ಪಾಯಿತು ಅಂದವರಿಲ್ಲ.

ನಾನು ಎರಡೂ ಕಡೆ ಸ್ಪಿರಿಟ್ ಹಾಕಿ ಒರೆಸಿದೆ. ನನ್ನ ಡ್ರಾಯರಿನಲ್ಲಿದ್ದ ಪೇಸ್ಟಿನ ಟ್ಯೂಬು ತಂದು ಚೌಕದ ನಡುಮಧ್ಯೆ ಒಂದು ಕಾಳು ಇಟ್ಟೆ. ತಟ್ಟೆ ಎತ್ತಿಕೊಳ್ಳಲು ಬಗ್ಗಿದಾಗ ಪಕ್ಕದಲ್ಲಿ ಗಂಜಲದ ವಾಸನೆ ಬಂತು. ತಿರುಗಿ ನೋಡಿದರೆ ಅತ್ತೆ. ಒಂದು ಕೈಲಿ ಬಟ್ಟಲು, ಇನ್ನೊಂದು ಕೈಲಿ ಮಾವಿನೆಲೆ. ಎಲೆಯನ್ನು ಅದ್ದಿ, ಬಿಚ್ಚಿಟ್ಟ ಮಷೀನಿನ ಮೇಲೆ ಕೈ ಎತ್ತಿದ್ದರು.

‘ಏನಾರ ಆಗ್ಲಿ, ಒಂದೆರಡು ತೊಟ್ಟು ಚುಮುಕಿಸ್ಬುಡಾನ. ಸುದ್ಧ ಆಯ್ತದೆ.’

ತೆರೆದ ಬೋರ್ಡಿನ ಮೇಲೆ ಗಂಜಲ! ಯೋಚಿಸಲು ಹೊತ್ತಿರಲಿಲ್ಲ. ಅತ್ತೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಗು ನಿಂತಿತು. ಅತ್ತೆ ತಮ್ಮ ಕೈಯನ್ನೂ ಅದನ್ನು ಹಿಡಿದ ನನ್ನ ಕೈಯನ್ನೂ ನೋಡಿದರು. ಇಷ್ಟು ವರ್ಷಗಳಲ್ಲಿ ಆ ದಿನಗಳಲ್ಲಿ ನಾನು ಅವರ ಸೆರಗನ್ನೂ ತಾಕಿದವಳಲ್ಲ.

‘ಏನೇ ಇದು! ಅಮ್ಮನ್ನ ಮುಟ್ಬಿಟ್ಯಲ್ಲೇ!’ ಎಂದು ಗಂಡ ಕೂಗಿದರು. ಬೋರ್ಡು ಹಾಳಾಗುತ್ತಿತ್ತು ಎನ್ನುವುದು ಅವರಿಗೆ ಕಾಣಲಿಲ್ಲ. ಮುಟ್ಟಿದ್ದು ಕಂಡಿತು.

‘ಹೂಂ, ಮುಟ್ಟಿದೆ’ ಅಂದೆ. ಕೈ ಬಿಡಲಿಲ್ಲ. ‘ನೆನ್ನೆಯಿಂದ ಎಲ್ಲಾರೂ ಸೇರಿ ನನ್ನ ಮೈಯನ್ನ ಬೈದ್ರಿ. ಇವತ್ತು ಪ್ಲಾಸ್ಟಿಕ್ ಸಿಕ್ಕಿದ ತಕ್ಷಣ ನಗ್ತಾ ನಿಂತ್ರಿ. ತಪ್ಪು ಇವನದಾದ್ರೆ ತಮಾಷೆ, ನನ್ನದು ಅನ್ಕೊಂಡಾಗ ಮೈಲಿಗೆ. ಕೇಳಿಸ್ಕೊಳ್ಳಿ. ಈ ಮಷೀನು ಬೇಲೂರಿಗೂ ಹೋಗಲ್ಲ, ಎಲ್ಲಿಗೂ ಹೋಗಲ್ಲ. ಇನ್ಮೇಲೆ ನಾನು ಆಚೆ ಆಗಿದ್ದೀನೋ ಒಳಗಿದ್ದೀನೋ ಈ ಮನೇಲಿ ಯಾರಿಗೂ ಹೇಳೋದೂ ಇಲ್ಲ. ಕೇಳಬೇಡಿ.’

ಆಮೇಲೆ ಕೈ ಬಿಟ್ಟೆ. ಅತ್ತೆ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಯಾರನ್ನೂ ನೋಡದೆ ಬಚ್ಚಲಮನೆಗೆ ನಡೆದರು. ತಲೆಗೆ ಸ್ನಾನ ಮಾಡಬೇಕಿತ್ತಲ್ಲ. ನನ್ನ ಗಂಡ ಓಡಿಹೋಗಿ ಹಂಡೆಯ ಒಲೆಗೆ ಸೌದೆ ಹಾಕಿದರು. ಹೆಂಡತಿಗಾಗಿ ಒಂದು ಮಾತಾಡಲು ಎರಡು ದಿನದಿಂದ ಆಗದ ಮನುಷ್ಯ ತೆಂಗಿನ ಗರಿ ಮುರಿಯುವ ರಭಸ ನೋಡಬೇಕಿತ್ತು. ಮೈದುನ ಖಾಲಿ ಗಾಡಿ ತೆಗೆದುಕೊಂಡು ಹೋದ. ನಾನು ತಾಮ್ರವನ್ನು ನೇರವಾಗಿ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿದೆ. ಎರಡು ಸಲ ಸ್ಕ್ರೂಡ್ರೈವರ್ ಜಾರಿತು. ಹಗರೆಯ ಮದುವೆ ಮಧ್ಯಾಹ್ನದೊಳಗೆ ಹೊರಬಂತು. ಉಷ್ಣತೆ ಅರವತ್ತನ್ನೂ ದಾಟಲಿಲ್ಲ.

ಆಡಿದ ಮಾತನ್ನು ಉಳಿಸಿಕೊಂಡೆ. ಅಡುಗೆಮನೆಗೆ ಎಲ್ಲ ದಿನವೂ ಹೋದೆ, ದೇವರ ದೀಪವನ್ನು ಎಲ್ಲ ದಿನವೂ ಹಚ್ಚಿದೆ. ಮೊದಮೊದಲು ಅತ್ತೆ ಬಟ್ಟೆ ಒಣಗಹಾಕುವ ತಂತಿಯನ್ನು ನೋಡುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು, ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆನೇ ಎಂದು ನೋಡುತ್ತಿದ್ದರು. ನಾನು ಮಾಡಿದ ಸಾರು ಉಣ್ಣಲು ಅನುಮಾನಿಸಿ ಮೊಸರನ್ನ ತಿಂದು ಎದ್ದ ದಿನಗಳಿದ್ದವು. ಗಂಡ ಒಮ್ಮೆ, ‘ಅಮ್ಮನ ಸಮಾಧಾನಕ್ಕಾದ್ರೂ ಹೇಳ್ಬಾರ್ದಾ’ ಅಂದರು. ‘ನನ್ನ ಸಮಾಧಾನಕ್ಕೆ ನೀವು ಯಾವತ್ತು ಏನ್ ಹೇಳಿದ್ರಿ?’ ಎಂದು ಕೇಳಿದೆ. ಅವರು ಮತ್ತೆ ಆ ಮಾತು ತೆಗೆಯಲಿಲ್ಲ. ಮಾತಾಡಿಕೊಂಡು ಸರಿಹೋದೆವು ಎಂದು ಹೇಳಲಾರೆ. ಅಭ್ಯಾಸವಾಯಿತು, ಅಷ್ಟೇ.

ಮಾಘದ ಮದುವೆಗಳು ಬಂದವು. ಒಂದು ಮಧ್ಯಾಹ್ನ ಅರಸೀಕೆರೆ ಕಡೆಯ ಮದುವೆಯೊಂದನ್ನು ಕತ್ತರಿಸುತ್ತಿದ್ದಾಗ ಅತ್ತೆ ನನ್ನ ಕೋಣೆಯ ಬಾಗಿಲಿಗೆ ಬಂದರು. ಅವರು ಅಲ್ಲಿಗೆ ಬರುವವರಲ್ಲ. ಸ್ವಲ್ಪ ಹೊತ್ತು ನಿಂತು, ಆಮೇಲೆ ಒಳಗೆ ಬಂದು ನನ್ನ ಚಾಪೆಯ ಮೇಲೆಯೇ ಕೂತರು. ಪರದೆಯ ಮೇಲೆ ಹುಡುಗಿಯ ಕೈಯ ಮೇಲೆ ಹುಡುಗನ ಕೈ, ಅದರ ಮೇಲೆ ತೆಂಗಿನಕಾಯಿ, ಸುತ್ತಲಿನವರು ಹಾಲು ನೀರು ಬಿಡುತ್ತಿದ್ದರು.

‘ಧಾರೆ ಅಲ್ವೇನೇ ಇದು?’

‘ಹೂಂ ಅತ್ತೆ.’

‘ನನ್ ತಂಗಿ ಧಾರೆ ನಾನ್ ನೋಡ್ಲಿಲ್ಲ ಕಣೇ.’

‘ಯಾಕೆ? ಮದುವೆಗೆ ಹೋಗಿರ್ಲಿಲ್ವಾ?’

‘ಹೋಗ್ದೆ ಏನು? ನಮ್ಮಟ್ಟಿ ಮುಂದೇನೇ ಚಪ್ಪರ. ಬೆಳಗ್ಗೆ ಎದ್ದಾಗ ಆಚೆ ಆಗಿತ್ತು. ನಾನೇ ಬಾಯ್ಬುಟ್ಟು ಹೇಳ್ದೆ. ಕೊಟ್ಗೇಲಿ ಕೂರ್ಸಿ ಬಾಗ್ಲು ಹಾಕುದ್ರು. ವಾಲಗ ಜೋರಾದಾಗ, ಈಗ ಧಾರೆ ಎರೀತಾ ಅವ್ರೆ ಅಂತ ತಿಳ್ಕೊಂಡೆ.’ ಪರದೆಯಿಂದ ಕಣ್ಣು ತೆಗೆಯದೆ ಅವರು ಕೇಳಿದರು: ‘ಹೇಳ್ದೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ, ಅಲ್ವೇನೇ?’

ತಿಂಗಳುಗಟ್ಟಲೆ ಅವರಿಗೆ ಹೇಳಲೆಂದು ಮನಸ್ಸಿನಲ್ಲಿ ಮಸೆದಿಟ್ಟುಕೊಂಡಿದ್ದ ಮಾತುಗಳು ಎಷ್ಟೋ ಇದ್ದವು.

‘ಏನೂ ಆಗ್ತಿರ್ಲಿಲ್ಲ ಅತ್ತೆ’ ಎಂದಷ್ಟೇ ಹೇಳಿದೆ.

ಅವರು ತಲೆಯಾಡಿಸಿದರು. ‘ಇನ್ನೊಂದ್ಸಲ ಹಾಕು, ಆ ನೀರು ಬುಡೋದ.’

ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಸಿಟ್ಟಿಗೆ ನನ್ನ ಕಣ್ಣು ಉರಿಯುತ್ತಿತ್ತು. ಆ ಕೊಟ್ಟಿಗೆಯ ಬಾಗಿಲು ಹಾಕಿದವರೆಲ್ಲ ಯಾವಾಗಲೋ ಸತ್ತುಹೋಗಿದ್ದರು. ಜಗಳವಾಡುವುದಾದರೂ ಯಾರ ಹತ್ತಿರ?